ಮೂವತ್ತೆರಡು ಕೋರು, ಒಬ್ಬ ತೀರ್ಥಪ್ಪ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು, ಓಂಕಾರಮೂರ್ತಿಯವರ ತೆಂಗಿನಕಾಯಿ ಮಂಡಿಯ ಮಹಡಿಯಲ್ಲಿ ಮುಕ್ತಿಯಾರ್ ಅವರ ವಿಡಿಯೋ ಅಂಗಡಿ ಇದೆ. ‘ಮದುವೆ, ನಿಕಾಹ್, ಗೃಹಪ್ರವೇಶ’ ಎಂದು ಬರೆಸಿದ್ದ ಬೋರ್ಡಿನಲ್ಲಿ ಬಿಸಿಲು ಬಿದ್ದ ಕಡೆಯೆಲ್ಲ ಬಣ್ಣ ಹೋಗಿ ಈಗ ‘ಗೃಹಪ್ರವೇಶ’ವೊಂದೇ ಓದಲು ಸಿಗುತ್ತದೆ. ಪುರೋಹಿತರ ಮನೆಯಿರಬೇಕೆಂದು ಮೆಟ್ಟಿಲು ಹತ್ತಿ ಬಂದು, ಟೋಪಿ ಹಾಕಿ ಕೂತ ಸಾಹೇಬರನ್ನು ಕಂಡು ತಬ್ಬಿಬ್ಬಾಗಿ ಇಳಿದು ಹೋದವರಿದ್ದಾರೆ. ಆದರೂ ಮುಕ್ತಿಯಾರ್ ಬೋರ್ಡ್ ಬದಲಿಸಿಲ್ಲ. ಈಗಿನ ಕಾಲದಲ್ಲಿ ಮೆಟ್ಟಿಲು ಹತ್ತುವವರೇ ಕಡಿಮೆ, ತಪ್ಪಿ ಬರುವವರನ್ನೂ ಯಾಕೆ ಬಿಡಬೇಕು ಎಂಬುದು ಅವರ ವಾದ.

ಮದುವೆಗೆ ಡ್ರೋನ್ ಹಾರಿಸುವ ಹುಡುಗರು ಬಂದ ಮೇಲೆ ಅವರ ಕೆಲಸ ಇಳಿದಿದೆ, ನಿಜ. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಇವತ್ತು ಮೊಮ್ಮಕ್ಕಳನ್ನು ಎತ್ತಿಕೊಂಡು ತಿರುಗುವ ಹೆಂಗಸರಲ್ಲಿ ಎಷ್ಟೋ ಮಂದಿ ಮದುವಣಗಿತ್ತಿಯರಾಗಿ ಅತ್ತದ್ದು ಮುಕ್ತಿಯಾರ್ ಕ್ಯಾಮೆರಾದ ಮುಂದೆಯೇ. ಹೆಗಲ ಮೇಲೆ ಹೊರುವ ದೊಡ್ಡ ಕ್ಯಾಮೆರಾ, ಅದರ ಹೊಟ್ಟೆಯಲ್ಲಿ ಕ್ಯಾಸೆಟ್ಟು, ಪಕ್ಕದಲ್ಲಿ ಲೈಟ್ ಎತ್ತಿ ಹಿಡಿದ ತೀರ್ಥಪ್ಪ. ಆ ಲೈಟಿಗೆ ಸನ್‌ಗನ್ ಎನ್ನುತ್ತಿದ್ದರು. ಹತ್ತಿರ ನಿಂತವರ ಹಣೆಯ ಕುಂಕುಮ ಇಳಿಯುವಷ್ಟು ಕಾಯುತ್ತಿತ್ತು ಅದು. ತೀರ್ಥಪ್ಪ ಅಜ್ಜಂಪುರದವನು, ಲಿಂಗವಂತರ ಪೈಕಿ, ಹಣೆಯ ಮೇಲೆ ಸದಾ ಮೂರು ಬೆರಳಿನ ವಿಭೂತಿ. ಮುಕ್ತಿಯಾರ್ ಜೊತೆ ಲೈಟ್ ಹಿಡಿಯಲು ಬಂದಾಗ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬಿಟ್ಟಾಗ ಅದೇ ಮೀಸೆ ಬೆಳ್ಳಗಾಗಿತ್ತು. ಹೋದ ಕಾರ್ತಿಕದಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ.

ಅವನು ಹೋದ ಮೇಲೆ ಮುಕ್ತಿಯಾರ್‌ಗೆ ಅಂಗಡಿಯಲ್ಲಿ ಕೂತರೆ ಬೇಜಾರು, ಮನೆಯಲ್ಲಿ ಕೂತರೆ ಇನ್ನೂ ಬೇಜಾರು. ಜಗಳ ಆಡಲು ಒಬ್ಬ ಬೇಕಲ್ಲ ಮನುಷ್ಯನಿಗೆ! ಹೆಂಡತಿ ರಹಮತ್ ಬಿ ಆ ಜಾಗ ತುಂಬಲು ತಯಾರಿದ್ದರು, ಆದರೆ ಅದು ಬೇರೆ ಜಗಳ.

ಹೀಗಿರುವಾಗ ಒಂದು ದಿನ ಬೆಳಗಿನ ಬಸ್ಸಿಗೆ ಅಜ್ಜಂಪುರದಿಂದ ಮಲ್ಲಿಕಾಂಬ ಬಂದರು. ತೀರ್ಥಪ್ಪನ ಹೆಂಡತಿ. ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಅದನ್ನು ಟೇಬಲ್ ಮೇಲಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಸುತ್ತ ಜೋಡಿಸಿಟ್ಟ ಕ್ಯಾಸೆಟ್ಟುಗಳ ಗೋಡೆಯನ್ನು ನೋಡಿದರು.

“ಮುಕ್ತಿಯಾರಣ್ಣ, ಒಂದ್ ಮಾತು ಕೇಳ್ಲಾ?”

“ಕೇಳು ತಂಗಿ, ಅದ್ಕೇನಂತೆ.”

“ಅವ್ರ ದನಿ ನಂಗೆ ಮರೀತಾ ಐತೆ.”

ಮುಕ್ತಿಯಾರ್ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಕೆಳಗಿಟ್ಟರು.

“ಮುಖ ಮರ್ತಿಲ್ಲ. ಗೋಡೇಲಿ ಫೋಟೋ ಐತೆ, ದಿನಾ ಹೂವ ಇಡ್ತೀನಿ. ದನಿ ಮಾತ್ರ ದಿನಾ ಒಂಚೂರು ಒಂಚೂರು ಹೋಗ್ತಾ ಐತೆ. ಮೊನ್ನೆ ‘ಮಲ್ಲಿ’ ಅಂತ ಹೆಂಗ್ ಕರೀತಿದ್ರು ಅಂತ ನೆನೆಸ್ಕೊಳಾಕ್ ಹೋದ್ರೆ ನನ್ ಮಗನ್ ದನಿ ಬಂತು. ಇಷ್ಟೊಂದ್ ಕ್ಯಾಸೆಟ್ ಐತಲ್ಲಣ್ಣ, ಇದ್ರಲ್ಲಿ ಎಲ್ಲಾನಾ ಒಂದ್ ಕಡೆ ಅವ್ರು ಮಾತಾಡಿರಲ್ವಾ? ನಡೆದಾಡಿರಲ್ವಾ?”

ಕೇಳಿದ್ದು ಇಷ್ಟೇ. ಆದರೆ ಉತ್ತರ ಅಷ್ಟು ಸುಲಭವಿರಲಿಲ್ಲ. ಲೈಟ್ ಹಿಡಿಯುವವನಿಗೆ ಒಂದೇ ಒಂದು ಕಟ್ಟಳೆ: ಅವನು ಕಾಣಬಾರದು. ಅವನ ಕೈ, ನೆರಳು, ಕೆಮ್ಮು ಯಾವುದೂ ಕ್ಯಾಸೆಟ್ಟಿಗೆ ಹೋಗಬಾರದು. ತೀರ್ಥಪ್ಪ ಈ ಕಟ್ಟಳೆಯನ್ನು ಎಷ್ಟು ಮೈಗೂಡಿಸಿಕೊಂಡಿದ್ದನೆಂದರೆ, ಮನೆಯಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ತನಗೇ ಗೊತ್ತಿಲ್ಲದೆ ಸರಿದು ಎತ್ತಿದವರ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದ. ಮಗ ರುದ್ರಮೂರ್ತಿಯ ಮದುವೆ ಮಠದ ಸಾಮೂಹಿಕ ವಿವಾಹದಲ್ಲಿ ಆಯಿತು. ಅಷ್ಟೂ ಜೋಡಿಗೆ ಲೈಟ್ ಹಿಡಿದವನು ಇವನೇ, ತನ್ನ ಮಗನಿಗೂ ಸೇರಿಸಿ.

ಇನ್ನು ಅವನದೇ ಮದುವೆ. ಅದನ್ನು ಮುಕ್ತಿಯಾರ್ ತೆಗೆದಿದ್ದರು. ಅಂದು ಲೈಟ್ ಹಿಡಿದವನು ಅವರ ತಮ್ಮ ಜಾವೀದ್. ಆ ಕ್ಯಾಸೆಟ್ಟನ್ನು ಕಡೂರಿನ ನೆಂಟರು ನೋಡಿ ಕೊಡುತ್ತೇವೆಂದು ಒಯ್ದರು. ವಾಪಸ್ಸು ಬಂದಾಗ ಅದರೊಳಗೆ ಕ್ರಿಕೆಟ್ ಮ್ಯಾಚಿತ್ತು. ಯಾರ ಮನೆಯಲ್ಲಿ ನಡೆದಿಲ್ಲ ಇಂಥದ್ದು! ಅಸಲು ಕ್ಯಾಸೆಟ್ಟಾದರೂ ಮುಕ್ತಿಯಾರ್ ಹತ್ತಿರ ಇರಬೇಕಿತ್ತಲ್ಲ ಎಂದರೆ, ಆಗಿನ ಪದ್ಧತಿಯೇ ಬೇರೆ. ಮನೆಯವರಿಗೆ ಕಾಪಿ ಕೊಟ್ಟು, ಅಸಲಿನ ಮೇಲೆ ಮುಂದಿನ ಮದುವೆ ತೆಗೆಯುತ್ತಿದ್ದರು. ಒಬ್ಬರ ತಾಳಿಯ ಮೇಲೆ ಇನ್ನೊಬ್ಬರ ಹಾರ. ಎರಡನೆಯದನ್ನೂ ತೆಗೆದ ಮೇಲಷ್ಟೇ ಕ್ಯಾಸೆಟ್ಟು ಗೋಡೆ ಸೇರುತ್ತಿತ್ತು. ಎರಡನೆಯ ಮದುವೆ ಬೇಗ ಮುಗಿದರೆ ಮಾತ್ರ ಕೊನೆಯಲ್ಲಿ ಮೊದಲನೆಯದರ ಒಂದು ತುಂಡು ಅಳಿಯದೆ ಉಳಿಯುತ್ತಿತ್ತು. ಅದಕ್ಕೆ ಮುಕ್ತಿಯಾರ್ ‘ಬಾಲ’ ಎಂದು ಹೆಸರಿಟ್ಟಿದ್ದರು.

“ನೋಡೋಣ ತಂಗಿ,” ಎಂದರು ಮುಕ್ತಿಯಾರ್. ಸಿಗುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ, ಸಿಗುವುದಿಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ.

ಕ್ಯಾಸೆಟ್ಟುಗಳನ್ನೆಲ್ಲ ಅವರು ಲಾಕ್‌ಡೌನ್ ಕಾಲದಲ್ಲೇ ಬೂಷ್ಟು ಒರೆಸಿ ಕಂಪ್ಯೂಟರಿಗೆ ಇಳಿಸಿಟ್ಟಿದ್ದರು. ಆದರೆ ನಾನೂರು ಮದುವೆಗಳ ಮುಂದೆ ಕೂತು ಕಣ್ಣು ಮಿಟುಕಿಸದೆ ನೋಡುವುದು ಅರವತ್ತು ದಾಟಿದ, ಒಂದು ಕಣ್ಣಿನ ಪೊರೆ ತೆಗೆಸಿದ ಮನುಷ್ಯನಿಂದ ಆಗುವ ಕೆಲಸವಲ್ಲ. ಬೀರೂರು ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಅಕ್ಕನ ಮಗ ಅಖೀಲ್‌ಗೆ ಫೋನ್ ಮಾಡಿದರು. ಮುಖ ಹುಡುಕುವ ಪ್ರೋಗ್ರಾಮ್ ತನ್ನ ಹತ್ತಿರ ಇದೆ ಎಂದ ಅಖೀಲ್ ಬಂದು ಹಾಕಿ ನೋಡಿದ. ಮುಕ್ತಿಯಾರ್ ಅವರ ಹಳೆಯ ಕಂಪ್ಯೂಟರ್ ಒಂದು ಕ್ಯಾಸೆಟ್ಟಿಗೆ ಒಂದು ಹಗಲು ಒಂದು ರಾತ್ರಿ ತಿಂದಿತು. ಆ ಲೆಕ್ಕದಲ್ಲಿ ಮುಂದಿನ ಕಾರ್ತಿಕವೂ ಕಳೆಯುತ್ತದೆ. ಅಷ್ಟರೊಳಗೆ ಮಲ್ಲಿಕಾಂಬ ಅವರ ಕಿವಿಯಲ್ಲಿ ಏನು ಉಳಿದಿರುತ್ತದೆ?

ಮುಂದಿನ ವಾರ ಅಖೀಲ್ ಬೀರೂರಿನಿಂದ ಲಗೇಜ್ ಆಟೋದಲ್ಲಿ, ಕಂಬಳಿ ಸುತ್ತಿಕೊಂಡು ಒಂದು ಉದ್ದನೆಯ ಚಪ್ಪಟೆ ಪೆಟ್ಟಿಗೆ ತಂದ. ಮಲ್ಲಿಕಾಂಬ ಅಂದೂ ಬಂದಿದ್ದರು. ಮನೆಮಾತು ದಖನಿಯಾದರೂ ಅವರ ಎದುರಿಗೆ ಅಖೀಲ್ ಕನ್ನಡದಲ್ಲೇ ಶುರು ಮಾಡಿದ.

“ಮಾಮು, ಇದು ಸರ್ವರ್. ಯಾವ್ದೋ ದೊಡ್ಡ ಆಫೀಸ್ನೋರು ಹೊಸದು ಹಾಕ್ಕೊಂಡು ಇದನ್ನ ಹೊರಗ್ ಹಾಕಿದ್ರು. ನಮ್ ಗುರ್ತಿನೋರು ತಂದಿದ್ರು, ಕೆಲ್ಸ ಮುಗಿಯೋಗಂಟ ಇಟ್ಕೊ ಅಂದವ್ರೆ. ಪ್ರೊಸೆಸರ್ ಕೇಳಿ ಮಾಮು! ಮೂವತ್ತೆರಡು ಕೋರು, ಅರವತ್ನಾಲ್ಕು ಥ್ರೆಡ್ಡು, ಅರವತ್ನಾಲ್ಕು ಎಂಬಿ ಕ್ಯಾಶ್ ಮೆಮೊರಿ, ಎಂಟು ಮೆಮೊರಿ ಚಾನಲ್ಲು.”

ಗಂಡಿನ ಕಡೆಯವರು ಆಸ್ತಿ ವಿವರ ಹೇಳಿದಂತೆ ಹೇಳಿದ. ಹೆಣ್ಣಿನ ಕಡೆಯವರಂತೆ ಮುಕ್ತಿಯಾರ್ ಮುಖ್ಯವಾದ್ದನ್ನು ಕೇಳಿದರು.

“ಸ್ಪೀಡ್ ಎಷ್ಟೋ?”

“ಬೇಸು ಎರಡು ಪಾಯಿಂಟ್ ಎರಡು ಗಿಗಾಹರ್ಟ್ಸ್.”

“ಲೇ, ನನ್ ಹಳೇದೇ ಮೂರೂವರೆ ಐತಲ್ಲೋ! ಇಷ್ಟ್ ದೊಡ್ಡ ಪೆಟ್ಗೆ ಹೊತ್ಕೊಂಡ್ ಬಂದು ಅದಕ್ಕಿಂತ ನಿಧಾನದ್ದು ಕೊಡ್ತೀಯಲ್ಲ?”

“ಒಬ್ಬೊಬ್ರೂ ನಿಧಾನಾನೇ ಮಾಮು. ಆದ್ರೆ ಎಲ್ರೂ ಒಟ್ಟಿಗೆ ಮಾಡ್ತಾರೆ.”

ಮಲ್ಲಿಕಾಂಬ ಅವರಿಗೆ ಇದು ಹೊಳೆಯಿತು. “ಮದ್ವೆ ಅಡುಗೆ ಮನೆ ಇದ್ದಂಗೆ ಅನ್ನು. ಮನೇಲಿ ಒಬ್ಳೇ ಬಿರುಬಿರ್ನೆ ಮಾಡ್ತಾಳೆ, ಆದ್ರೆ ಸಾವ್ರ ಎಲೆಗೆ ಆಗಲ್ಲ. ಅಲ್ಲಿ ಮೂವತ್ತ್ ಜನ ಭಟ್ರು ಬೇಕು.”

“ಸರಿಯಾಗ್ ಹೇಳಿದ್ರಿ ಅಕ್ಕ,” ಎಂದು ಅಖೀಲ್ ಹಿಗ್ಗಿದ. ಅಲ್ಲಿಂದ ಮುಂದೆ ಮುಕ್ತಿಯಾರ್‌ಗೂ ದಾರಿ ಕಂಡಿತು; ಮೂರು ತಾಲ್ಲೂಕಿನ ಮದುವೆ ಅಡುಗೆ ಮನೆಗಳನ್ನು ಅವರಷ್ಟು ಕಂಡವರು ಯಾರು? ಕೋರ್ ಎಂದರೆ ಭಟ್ಟರು. ಥ್ರೆಡ್ ಎಂದರೆ ಒಬ್ಬೊಬ್ಬ ಭಟ್ಟನ ಮುಂದೆ ಎರಡೆರಡು ಒಲೆ. ಒಂದರಲ್ಲಿ ಬೇಳೆ ಬೇಯುವಷ್ಟು ಹೊತ್ತು ಇನ್ನೊಂದರಲ್ಲಿ ಸೌಟು ಆಡಿಸುತ್ತಾನೆ. ಕ್ಯಾಶ್ ಮೆಮೊರಿ ಎಂದರೆ ಒಲೆಯ ಪಕ್ಕದ ಸಾಂಬಾರದ ಡಬ್ಬಿ, ಪದೇ ಪದೇ ಉಗ್ರಾಣಕ್ಕೆ ಓಡುವುದು ತಪ್ಪುತ್ತದೆ. ಎಂಟು ಚಾನಲ್ ಎಂದರೆ ಉಗ್ರಾಣಕ್ಕೆ ಎಂಟು ಬಾಗಿಲು, ನುಗ್ಗಾಟವಿಲ್ಲ. ಒಲೆಯ ಕಾವಿಗೂ ಲೆಕ್ಕ ಉಂಟು, ನೂರ ಎಂಬತ್ತು ವ್ಯಾಟು. ಅದಕ್ಕೇ ಅಷ್ಟೊಂದು ಫ್ಯಾನು.

“ಇನ್ನೊಂದೈತೆ ಅಕ್ಕ. ಇದ್ರ ಮೆಮೊರಿಗೆ ಇಸಿಸಿ ಅಂತಾರೆ. ನೆನಪಲ್ಲಿ ಒಂದ್ ಚೂರು ಹೆಚ್ಚುಕಮ್ಮಿ ಆದ್ರೂ ತಾನೇ ಕಂಡ್ಹಿಡ್ದು ಸರಿ ಮಾಡ್ಕೊಂತದೆ.”

“ಅಂಥದ್ದು ನಂಗೂ ಒಂದ್ ಹಾಕ್ಸಪ್ಪ,” ಎಂದರು ಮಲ್ಲಿಕಾಂಬ.

ನಗುವ ಮಾತೇ. ಆದರೂ ಅಖೀಲ್ ನಗಲಿಲ್ಲ, ಬಗ್ಗಿ ವೈರು ಜೋಡಿಸತೊಡಗಿದ. ಮುಕ್ತಿಯಾರ್ ಸ್ಪೀಕರ್ ಡಬ್ಬಿ ತಂದು ಎಲ್ಲಿ ಚುಚ್ಚುವುದೆಂದು ಹುಡುಕಿದರು.

“ಇದ್ರಲ್ಲಿ ಸೌಂಡ್ ಇಲ್ಲ ಮಾಮು. ತೂತೇ ಕೊಟ್ಟಿಲ್ಲ. ಸರ್ವರ್ ಮುಂದೆ ಕೂತು ಯಾರು ಹಾಡ್ ಕೇಳ್ತಾರೆ? ಇದು ಹುಡುಕ್ಲಿ, ಸಿಕ್ಕಿದ್ಮೇಲೆ ನಿಮ್ ಹಳೇದ್ರಲ್ಲಿ ಹಾಕ್ಕೊಂಡು ಕೇಳೋಣ.”

ಗೋಡೆಯ ಫೋಟೋವನ್ನು ಮಲ್ಲಿಕಾಂಬ ಹಾರ ತೆಗೆದು ಸೆರಗಿನಲ್ಲಿ ಒರೆಸಿ ತಂದಿದ್ದರು. ಅದನ್ನು ಸ್ಕ್ಯಾನ್ ಮಾಡಿ, ಈ ಮುಖ ಎಲ್ಲೆಲ್ಲಿದೆ ಹುಡುಕು ಎಂದು ಯಂತ್ರಕ್ಕೆ ಹೇಳಿದ್ದಾಯಿತು. ಪೆಟ್ಟಿಗೆ ಭೋರೆಂದು ಎದ್ದಿತು. ಕೆಳಗಿನಿಂದ ಓಂಕಾರಮೂರ್ತಿ ಓಡಿ ಬಂದು, “ಏನ್ರೀ ಸಾಹೇಬ್ರೆ, ಮೇಲೆ ಹಿಟ್ಟಿನ್ ಗಿರಣಿ ಇಟ್ರಾ? ಹೇಳ್ಬಾರ್ದಾ, ನಮ್ ರಾಗಿ ತತ್ತಿದ್ವಲ್ಲ!” ಎಂದು ಕೇಳಿ ಹೋದರು.

ಮೊದಲ ದಿನ ಪರದೆಯ ಮೇಲೆ ನೋಡಿದರೆ ದುಡಿಯುತ್ತಿದ್ದದ್ದು ಒಂದೇ ಕೋರು. ಉಳಿದ ಭಟ್ಟರೆಲ್ಲ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಪ್ರೋಗ್ರಾಮಿಗೆ ಒಬ್ಬನ ಕೈಯಲ್ಲಿ ಕೆಲಸ ಮಾಡಿಸಿ ಮಾತ್ರ ಗೊತ್ತು ಎಂದು ತಿಳಿದ ಅಖೀಲ್ ಕೆಲಸವನ್ನು ಪಾಲು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಮದುವೆ ಹಂಚಿದ. ಆಗ ನೋಡಬೇಕಿತ್ತು! ಬೀರೂರಿನ ನಿಕಾಹ್, ಕಡೂರಿನ ಧಾರೆ, ಅಜ್ಜಂಪುರದ ಬೀಗರೂಟ, ಹೆಸರು ಮರೆತ ಹಳ್ಳಿಗಳ ಚಪ್ಪರ, ಇಷ್ಟೂ ಒಂದೇ ಪೆಟ್ಟಿಗೆಯಲ್ಲಿ ಒಂದೇ ಮುಹೂರ್ತದಲ್ಲಿ ನಡೆದವು.

ಮುಕ್ತಿಯಾರ್ ಮನೆಗೆ ಹೋಗುವುದನ್ನೇ ಮರೆತು ಪರದೆಯ ಮುಂದೆ ಕೂತರು. ಸದ್ದಿಲ್ಲದ ಮದುವೆಗಳು ಸಾಲಾಗಿ ಹೋಗುತ್ತಿದ್ದವು. ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಮದುವೆಯಲ್ಲಿ ಗಟ್ಟಿಮೇಳದ ಹೊತ್ತಿಗೇ ಗಾಡಿ ಬಂದು, ಅದರ ಕೂಗಿನಲ್ಲಿ ವಾದ್ಯವೆಲ್ಲ ಮುಳುಗಿದ್ದು ನೆನಪಾಯಿತು. ಎಮ್ಮೆದೊಡ್ಡಿಯ ದಾರಿಯಲ್ಲಿ ಮೇವಿನ ಕಾವಲಿನ ದನಗಳು ಅಡ್ಡ ಬಂದು ಮದುಮಗನ ದಿಬ್ಬಣ ನಿಂತೇ ಬಿಟ್ಟಿತ್ತು. ಆ ಉದ್ದ ಕೊಂಬಿನ ಬೀಜದ ಹೋರಿಯನ್ನು ಮದುಮಗನಿಗಿಂತ ಹೆಚ್ಚು ಹೊತ್ತು ತೆಗೆದಿದ್ದಕ್ಕೆ ಹೆಣ್ಣಿನ ಮಾವ ಬೈದಿದ್ದ. ಈಗಿಲ್ಲದ ಹೆಂಚಿನ ಛತ್ರಗಳು, ಈಗಿಲ್ಲದ ಜನ. ಅಮ್ಮಿಯ ಸೊಂಟದಲ್ಲಿ ಕೂತ ಅಖೀಲ್ ಒಂದು ಕಡೆ ಬಂದು ಹೋದ. ಎಷ್ಟು ಊಟ, ಎಷ್ಟು ಬಸ್ಸು, ಎಷ್ಟು ನಗು. ಅಷ್ಟನ್ನೂ ತೀರ್ಥಪ್ಪನ ಜೊತೆಯಲ್ಲೇ ಕಂಡಿದ್ದರು.

ಒಂದೇ ಒಂದು ಹಳೆಯ ಸಿಟ್ಟು ಮಾತ್ರ ಮತ್ತೆ ಎದ್ದಿತು. ಹೆಣ್ಣೊಪ್ಪಿಸುವ ಹೊತ್ತಿಗೆ, ಹುಡುಗಿ ತಾಯಿಯ ಕೊರಳಿಗೆ ಬಿದ್ದು ಅಳುವ ಹೊತ್ತಿಗೆ ಸರಿಯಾಗಿ, ಚಿತ್ರ ಮಂಕಾಗುತ್ತಿತ್ತು. ಒಂದರಲ್ಲಲ್ಲ, ತೀರಾ ಹಳೆಯವನ್ನು ಬಿಟ್ಟರೆ ಎಲ್ಲ ಕ್ಯಾಸೆಟ್ಟಿನಲ್ಲೂ. ಲಿಂಗವಂತರ ಮನೆಯಿರಲಿ, ತಮ್ಮವರ ಮನೆಯ ರುಖ್ಸತ್ ಇರಲಿ, ಅಲ್ಲಿಗೆ ಬಂದ ಕೂಡಲೇ ತೀರ್ಥಪ್ಪನ ಲೈಟು ಅತ್ತ ತಿರುಗುತ್ತಿತ್ತು. ಮದುವೆ ವಿಡಿಯೋದಲ್ಲಿ ಜನ ಮತ್ತೆ ಮತ್ತೆ ಹಾಕಿಸಿ ನೋಡುವುದೇ ಆ ಅಳುವನ್ನು. ‘ಅಳೋದೇ ಕಾಣಲ್ವಲ್ರೀ’ ಎಂದು ಎಷ್ಟು ಮನೆಯವರು ಮುಖ ಸಿಂಡರಿಸಿಲ್ಲ! ಮುಕ್ತಿಯಾರ್ ಬೈಯುತ್ತಿದ್ದರು, ಅವನು “ಕೈ ಸೋತೋಯ್ತು ಭಾಯ್” ಎಂದು ನಗುತ್ತಿದ್ದ. ಮೊದಮೊದಲು ಹೀಗಿರಲಿಲ್ಲ. ಅವನಿಗೆ ಮದುವೆಯಾದ ಮೇಲೆ ಅಂಟಿದ ರೋಗ ಇದು. ಹೆಂಡತಿ ಸರಿಯಾಗಿ ಉಣ್ಣಲು ಹಾಕುವುದಿಲ್ಲವೇನೋ ಎಂದು ಮುಕ್ತಿಯಾರ್ ರೇಗಿಸಿದ್ದೂ ಉಂಟು.

ಹುಡುಕಾಟ ಮುಗಿದ ದಿನ ಮಲ್ಲಿಕಾಂಬ ಬಂದರು. ಯಂತ್ರ ಹುಡುಕಿ ಕೊಟ್ಟ ಮುಖಗಳನ್ನು ಅಖೀಲ್ ಒಂದೊಂದಾಗಿ ತೋರಿಸಿದ. ಒಬ್ಬರು ತೀರ್ಥಪ್ಪನ ಸೋದರಮಾವ, ಮೂಗು ಅದೇ. ಒಬ್ಬರು ಕಡೂರಿನ ಕಡೆಯ ಸ್ವಾಮಿಗಳು, ವಿಭೂತಿ ಅದೇ. ಮೂರು ಜನ ಯಾರೋ ಏನೋ. ತೀರ್ಥಪ್ಪ ಇರಲಿಲ್ಲ.

“ನಾನೂರು ಮದ್ವೇಲಿ ಒಂದ್ ಸಲಾನೂ ಇಲ್ವಾ ಅಣ್ಣ?”

“ಕಾಣಬ್ಯಾಡ ಅಂತ ನಾನೇ ಕಲಿಸಿದ್ದಲ್ಲ ತಂಗಿ. ಚೆನ್ನಾಗ್ ಕಲ್ತ,” ಎಂದರು ಮುಕ್ತಿಯಾರ್.

ಮಲ್ಲಿಕಾಂಬ ಫೋಟೋವನ್ನು ಚೀಲಕ್ಕೆ ಹಾಕಿಕೊಂಡರು. ಏಳುವ ಮೊದಲು ಪರದೆಯ ಮೂಲೆಗೆ ಬೆರಳು ತೋರಿಸಿದರು. “ಅಲ್ಲಿ ಬ್ಯಾರೆ ಗುಡ್ಡೆ ಹಾಕೈತಲ್ಲ, ಅದೇನಪ್ಪಾ?”

“ಅದು ಮುಖಾನೇ ಸಿಗದೆ ಇರೋ ತುಂಡುಗಳು ಅಕ್ಕ. ಬರೀ ನೆಲ, ಕಾಲು, ಚಪ್ಪರದ ಬಟ್ಟೆ. ಮಾಮು ಬಟನ್ ಮರ್ತಿರೋದು.”

ಇದು ಆ ಕಾಲದ ವಿಡಿಯೋದವರಿಗೆಲ್ಲ ಇದ್ದ ಶನಿ. ಒಮ್ಮೆ ಒತ್ತಿದರೆ ರೆಕಾರ್ಡು ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ, ಬಟನ್ ಮಾತ್ರ ಒಂದೇ. ಗಡಿಬಿಡಿಯಲ್ಲಿ ಒಂದು ಒತ್ತು ತಪ್ಪಿದರೆ ಮುಗಿಯಿತು. ತೆಗೆಯುತ್ತಿದ್ದೇನೆ ಎಂದುಕೊಂಡಾಗ ಕ್ಯಾಮೆರಾ ನಿದ್ದೆ ಮಾಡುತ್ತದೆ, ನಿಲ್ಲಿಸಿದ್ದೇನೆ ಎಂದು ಕೆಳಗಿಟ್ಟಾಗ ಎಚ್ಚರವಾಗಿ ನೋಡುತ್ತ ಕೂರುತ್ತದೆ. ಅಂಥವನ್ನು ಕಾಪಿ ಮಾಡುವಾಗ ಕತ್ತರಿಸಿ ಬಿಡುತ್ತಿದ್ದರು. ಅಸಲಿನಲ್ಲಿ ಹಾಗೇ ಉಳಿದಿತ್ತು.

“ನೀವು ಕ್ಯಾಮೆರಾ ಕೆಳಗಿಟ್ಟಾಗ ಅವ್ರು ಎಲ್ಲಿರ್ತಿದ್ರಣ್ಣ?” ಎಂದು ಕೇಳಿದರು ಮಲ್ಲಿಕಾಂಬ.

“ಎಲ್ಲಿರ್ತಾನೆ, ನನ್ ಎದ್ರಿಗೇ...”

ಅಖೀಲ್ ಆಗಲೇ ಒಂದು ತುಂಡು ತೆರೆದಿದ್ದ. ಬೆಂಚಿನ ಮೇಲೆ ಕ್ಯಾಮೆರಾವನ್ನು ಪಕ್ಕಕ್ಕೆ ಮಲಗಿಸಿಟ್ಟಾಗ ಹಿಡಿದದ್ದು. ನೆಲ ಗೋಡೆಯಾಗಿತ್ತು, ಗೋಡೆ ನೆಲವಾಗಿತ್ತು. ಯಾರೋ ಇಬ್ಬರು ಅಡ್ಡಡ್ಡ ನಡೆದು ಹೋದರು. ಮುಕ್ತಿಯಾರ್ ಕತ್ತು ಓರೆ ಮಾಡಿ ನೋಡಿದರು.

“ಮಾಮು, ಕತ್ತು ಯಾಕ್ ಹಂಗ್ ಮಾಡ್ತೀರಾ?” ಎಂದು ಅಖೀಲ್ ನಕ್ಕ. ನಕ್ಕವನೇ ಹಣೆ ಚಚ್ಚಿಕೊಂಡ. “ಯಾ ಅಲ್ಲಾ! ಇದಕ್ಕೆ ನೆಟ್ಟಗಿರೋ ಮುಖ ಮಾತ್ರ ಗೊತ್ತು ಮಾಮು. ಅಡ್ಡ ಮಲಗಿರೋ ಮುಖ ಎದ್ರಿಗಿದ್ರೂ ಮುಖ ಅಂತ ಗೊತ್ತಾಗಲ್ಲ. ಮೂವತ್ತೆರಡು ಕೋರಿದ್ದೂ ಕತ್ತು ಓರೆ ಮಾಡಾಕ್ ಬರಲ್ಲ!”

ಮಲ್ಲಿಕಾಂಬ ಮತ್ತೆ ಕೂತರು. ಅಖೀಲ್ ಆ ಗುಡ್ಡೆಯನ್ನು ಬಲಕ್ಕೊಮ್ಮೆ, ಎಡಕ್ಕೊಮ್ಮೆ, ತಲೆಕೆಳಗೊಮ್ಮೆ ತಿರುಗಿಸಿ ಮತ್ತೆ ಹುಡುಕಲು ಹಚ್ಚಿದ. ಪರದೆಯ ಮೇಲಿನ ಅಷ್ಟೂ ಕೋರುಗಳ ಗೆರೆ ಒಮ್ಮೆಲೇ ಮೇಲಕ್ಕೇರಿತು. ಪೆಟ್ಟಿಗೆಯಿಂದ ಸನ್‌ಗನ್ ಹತ್ತಿರ ನಿಂತಷ್ಟೇ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಆ ಕಾವು ಮುಕ್ತಿಯಾರ್‌ಗೆ ಹಿತವಾಗಿತ್ತು. ಮೂವರೂ ಚಹಾ ತರಿಸಿ ಕುಡಿದರು. ನಡುವೆ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟುತ್ತ ಇನ್ನೇನು ಕೈಬಿಟ್ಟಿತು ಎನ್ನುವಾಗ ಬಂತು. ಮಧ್ಯಾಹ್ನದ ಅಜ್ಜಂಪುರದ ಬಸ್ಸು ಹಾರ್ನ್ ಹೊಡೆದು ಹೊರಟಿತು, ಮಲ್ಲಿಕಾಂಬ ಕಿಟಕಿಯ ಕಡೆಯೂ ನೋಡಲಿಲ್ಲ.

ಇಳಿಹೊತ್ತಿಗೆ ಒಂದು ಮುಖ ಬಂತು. ಬೀರೂರಿನ ಯಾರದೋ ನಿಕಾಹ್ ಎಂದು ಹೆಸರು ಬರೆದ ಕ್ಯಾಸೆಟ್ಟು. ನಿಕಾಹ್ ಮುಗಿದ ಮೇಲೆ ಕೊನೆಯಲ್ಲಿ ಅಳಿಯದೆ ಉಳಿದ ಬಾಲ, ಅದಕ್ಕೂ ಮೊದಲು ಎಮ್ಮೆದೊಡ್ಡಿಯ ಕಡೆ ತೆಗೆದ ಮದುವೆಯದು. ಅಡ್ಡ ಬಿದ್ದ ಪರದೆಯನ್ನು ಅಖೀಲ್ ನೆಟ್ಟಗೆ ಮಾಡಿದ. ಶಾಲೆಯ ಜಗಲಿ. ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ, ಕಪ್ಪು ಮೀಸೆಯ, ಮೂವತ್ತು ತುಂಬದ ತೀರ್ಥಪ್ಪ. ಪಕ್ಕದಲ್ಲಿ ವೈರು ಸುತ್ತಿಟ್ಟ ಲೈಟು.

ಮಲ್ಲಿಕಾಂಬ ಬಾಯಿಗೆ ಸೆರಗು ಅಡ್ಡ ಹಿಡಿದರು.

“ತಡೀರಿ ಅಕ್ಕ, ದನಿ ಹಳೇದ್ರಲ್ಲಿ,” ಎಂದ ಅಖೀಲ್. ತುಂಡನ್ನು ಪೆನ್‌ಡ್ರೈವಿಗೆ ಇಳಿಸಿ, ಭೋರೆನ್ನುವ ಸರ್ವರ್ ಆರಿಸಿದ. ಅಂಗಡಿ ಒಮ್ಮೆಗೇ ನಿಶ್ಶಬ್ದವಾಯಿತು. ಹಳೆಯ ಕಂಪ್ಯೂಟರಿನ ಸ್ಪೀಕರಿನಲ್ಲಿ ಮೊದಲು ಬಂದದ್ದು ಮುಕ್ತಿಯಾರ್ ಅವರದೇ ದನಿ, ಎಳೆಯದು, ಸಿಟ್ಟಿನದು.

“ಲೇ ತೀರ್ಥ, ಇವತ್ತೂ ಕತ್ಲೆ ಮಾಡಿದ್ಯಲ್ಲೋ! ಹುಡುಗಿ ಅಳೋದು ಒಂದೇ ಸಲ. ಅದೂ ಸಿಗ್ಲಿಲ್ಲ ಅಂದ್ರೆ ಅವ್ರ ಮನೆಯೋರಿಗೆ ಏನ್ ಹೇಳ್ಲಿ? ಕೈಲಿ ಜೀವ ಇಲ್ವಾ ನಿಂಗೆ?”

“ಸೋತೋಯ್ತು ಭಾಯ್,” ಎಂದ ತೀರ್ಥಪ್ಪ ತಲೆ ತಗ್ಗಿಸಿ, ಅನ್ನ ಕಲಸುತ್ತ.

ಮುಕ್ತಿಯಾರ್ ಅವರ ಕಾಲು ಪರದೆಯನ್ನು ದಾಟಿ ಹೊರಗೆ ಹೋಯಿತು. ಬಡಿಸುತ್ತಿದ್ದ ಮುದುಕರೊಬ್ಬರು ಬಕೆಟ್ಟು ಕೆಳಗಿಟ್ಟು ತೀರ್ಥಪ್ಪನ ಎದುರು ಕುಕ್ಕರಗಾಲಲ್ಲಿ ಕೂತರು. ಎಮ್ಮೆದೊಡ್ಡಿಯ ಸಣ್ಣಬೀರಪ್ಪ ಎಂದು ಮುಕ್ತಿಯಾರ್‌ಗೆ ಗುರುತು ಹತ್ತಿತು, ಅಂದಿನ ಮದುವಣಗಿತ್ತಿಯ ಅಜ್ಜ.

“ಯಾಕಪ್ಪಾ ಬೈಸ್ಕೊಂಡೆ? ನಾನ್ ನೋಡ್ದೆ, ಕೈ ಸೋತಿರ್ಲಿಲ್ಲ. ನೀನೇ ಬೇಕಂತ ತಿರುಗಿಸ್ದೆ.”

ತೀರ್ಥಪ್ಪ ನಕ್ಕ. ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. ಆದರೆ ಎಲೆಯ ಪಕ್ಕದಲ್ಲೇ ಮಲಗಿದ್ದ ಕ್ಯಾಮೆರಾಕ್ಕೆ ಎಲ್ಲ ಕೇಳುತ್ತಿತ್ತು.

“ನಮ್ ಮದ್ವೇಲಿ ಭಾಯ್ ಅವ್ರ ತಮ್ಮ ಜಾವೀದ್ ಲೈಟ್ ಹಿಡಿದಿದ್ದ ಅಜ್ಜಾ. ಪಾಪ, ಹುಡುಗ, ಅವನ್ಗೇನ್ ಗೊತ್ತು. ಮಲ್ಲಿ ಅವ್ರಮ್ಮನ್ನ ತಬ್ಕೊಂಡು ಅಳ್ತಿದ್ಲು, ಮುಖದ್ ಮೇಲೇ ತಂದಿಟ್ಬಿಟ್ಟ. ಇವ್ಳು ಅಷ್ಟಕ್ಕೇ ಅಳೋದ್ ನಿಲ್ಲಿಸ್ಬಿಟ್ಲು. ಆಮೇಲ್ ಒಂದಿನ ಹೇಳಿದ್ಲು, ಆ ಬೆಳಕಿಗೆ ನಾಚ್ಕೆ ಆಗಿ ಅಮ್ಮನ್ ಹತ್ರ ಅಳೋದು ಬಾಕಿ ಉಳ್ದೋಯ್ತು ಅಂತ. ಅವ್ರಮ್ಮ ಆ ವರ್ಷಾನೇ ತೀರ್ಕೊಂಡ್ರು. ಇನ್ನೆಲ್ಲಿ ಅಳ್ತಾಳೆ ಅಜ್ಜಾ? ಅದ್ಕೇ ನಾನು ಯಾವ್ ಹೆಣ್ಮಗಳ ಮುಖದ್ ಮೇಲೂ ಆಗ ಲೈಟ್ ಬಿಡಲ್ಲ. ಅತ್ಕೊಳ್ಲಿ ಬಿಡಿ ನೆಮ್ಮದಿಯಾಗಿ.”

“ಇದನ್ನ ನಿಮ್ ಸಾಹೇಬ್ರಿಗೆ ಹೇಳ್ಬಾರ್ದಾ?”

“ಬ್ಯಾಡ ಬ್ಯಾಡ. ತಮ್ಮನ್ ಮೇಲೆ ಮಾತು ಬತ್ತದೆ, ಭಾಯ್ ನೊಂದ್ಕೊತಾರೆ. ಬೈಲಿ, ಬೈದ್ರೆ ಏನಾಯ್ತು. ಮನ್ಸ ಒಳ್ಳೆಯೋರು.” ತೀರ್ಥಪ್ಪ ಎದ್ದ. “ಎರಡ್ ಲಾಡು ಕಟ್ಟಿಕೊಡಿ ಅಜ್ಜಾ, ನಮ್ ಮಲ್ಲಿಗೆ ಇಷ್ಟ,” ಎಂದು ಎಡಗೈಯಲ್ಲಿ ಪಂಚೆ ಎತ್ತಿಕೊಂಡು, ಎಂಜಲು ಕೈ ಮುಂದೆ ಹಿಡಿದು, ತನ್ನದೇ ಆ ಸ್ವಲ್ಪ ಎಡಕ್ಕೆ ವಾಲುವ ನಡಿಗೆಯಲ್ಲಿ ಜಗಲಿಯ ತುದಿಯವರೆಗೆ ನಡೆದು ಹೋದ. ಅಲ್ಲಿಗೆ ಕ್ಯಾಸೆಟ್ಟು ಮುಗಿದಿತ್ತು.

ಅಖೀಲ್ ಮೌಸ್ ಮೇಲಿನ ಕೈ ತೆಗೆಯಲಿಲ್ಲ. ಮುಕ್ತಿಯಾರ್‌ಗೆ ಪರದೆ ಕಾಣುತ್ತಿರಲಿಲ್ಲ. ಜೀವಮಾನವಿಡೀ ಬೈದಿದ್ದರು ಅವನನ್ನು, ಜೀವಮಾನವಿಡೀ ಅವನು ಕೈ ಸೋತಿತು ಎಂದಿದ್ದ. ಪ್ರೀತಿ ಎಂದರೆ ಇಷ್ಟು ಸದ್ದಿಲ್ಲದೆ ಇರುತ್ತದೆಯೇ ಎಂದು ಅವರಿಗೆ ದಿಗಿಲಾಯಿತು.

“ಮಲ್ಲಿ ಅಂದ್ರು,” ಎಂದರು ಮಲ್ಲಿಕಾಂಬ. “ಹಿಂಗೇ, ಹಿಂಗೇ ಅಂತಿದ್ರು. ಕಡೇಲಿ ಒಂಚೂರು ಎಳೀತಿದ್ರು. ಲಾಡು ತಂದಿದ್ರಣ್ಣ ಅವತ್ತು, ಟವಲ್ಲಲ್ಲಿ ಕಟ್ಕೊಂಡು, ಪುಡಿಪುಡಿ ಆಗಿತ್ತು. ಇದೊಂದ್ ಮಾತು ಮಾತ್ರ ನಂಗೂ ಹೇಳ್ಲಿಲ್ಲ ನೋಡಿ. ನಾನ್ ಯಾವತ್ತೋ ಅಂದಿದ್ದು, ನಂಗೇ ಮರ್ತೋಗಿತ್ತು...”

ಗಂಡನ ಮಣ್ಣಿನ ದಿನವೂ ಬಂದವರನ್ನು ಉಣ್ಣಲು ಕೂರಿಸುತ್ತ, ಚಾಪೆ ಹಾಸುತ್ತ ಓಡಾಡಿದ್ದ ಹೆಂಗಸು ಅವರು. ಈಗ ಅಳು ಬಂತು. ಎದುರಿಗೆ ಇಬ್ಬರು ಗಂಡಸರು ಕೂತಿದ್ದಾರೆಂದು ಅದನ್ನು ಒಳಗೆ ನುಂಗಲು ನೋಡಿದರು, ಸೆರಗನ್ನು ಮುಖಕ್ಕೆ ಎಳೆದುಕೊಂಡರು, ನೆತ್ತಿಯ ಮೇಲಿನ ಟ್ಯೂಬ್‌ಲೈಟಿಗೆ ಮುಖ ತಪ್ಪಿಸಿ ಗೋಡೆಯ ಕಡೆ ತಿರುಗಿದರು.

ಮುಕ್ತಿಯಾರ್ ಎದ್ದರು. ಕ್ಯಾಸೆಟ್ಟುಗಳ ಸಾಲನ್ನು ತಡವಿಕೊಂಡು ಬಾಗಿಲವರೆಗೆ ಹೋಗಿ ಸ್ವಿಚ್ ಆರಿಸಿದರು. ಕಂಪ್ಯೂಟರಿನ ಪರದೆಯನ್ನೂ ಅತ್ತ ತಿರುಗಿಸಿಟ್ಟು, ಅಖೀಲ್‌ನನ್ನು ಕರೆದುಕೊಂಡು ಹೊರಗೆ ಬಂದು, ಬಾಗಿಲು ಮುಂದಕ್ಕೆ ಎಳೆದು, ಮೆಟ್ಟಿಲ ಮೇಲೆ ಕೂತರು.